ಠಾಣೆಯ ಕಡತ ಊರಿನ ಗ್ರೂಪಿಗಲ್ಲ

ಕೊಯಿಲದ ಯುವಕನೊಬ್ಬ ಗಲ್ಫ್‌ಗೆ ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. ಹಿಂದೆ ಜಾಗದ ತಕರಾರಿನಲ್ಲಿ ಅವನ ಮೇಲೊಂದು ಕೇಸಾಗಿತ್ತು, ಪುತ್ತೂರಿನ ನ್ಯಾಯಾಲಯದಲ್ಲಿ ಖುಲಾಸೆಯೂ ಆಯಿತು. ಈಗ ಯಾರೋ ಆ ಹಳೆಯ ಎಫ್‌ಐಆರ್‌ನ ಫೋಟೊವನ್ನು ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಖುಲಾಸೆಯ ಆದೇಶವನ್ನು ಮಾತ್ರ ಯಾರೂ ಹಾಕುವುದಿಲ್ಲ. ಕೇಸಾದ ಮಾತ್ರಕ್ಕೆ ಯಾರೂ ಅಪರಾಧಿಯಲ್ಲ. ಇದನ್ನು ಮರೆತಾಗ ಒಂದು ಮನೆಯ ಅನ್ನವೇ ಹೋಗಬಹುದು.

ಯಾವುದು ಬಹಿರಂಗ, ಯಾವುದು ಗೋಪ್ಯ?

ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿಯಿದೆ.

ಆದರೆ ಠಾಣೆಯಲ್ಲಿ ವ್ಯಕ್ತಿಯ ಮೇಲೆ ನಿಗಾ ಇಡಲು ತೆರೆಯುವ 'ಹಿಸ್ಟರಿ ಶೀಟ್' ಬೇರೆಯೇ. ಅದು ಪೊಲೀಸರ ಆಂತರಿಕ ದಾಖಲೆ, ಸಾರ್ವಜನಿಕರಿಗೆ ಸಿಗುವಂಥದ್ದಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ಹೇಳಿತು. ತಂದೆಯ ಶೀಟಿನಲ್ಲಿ ಕಾರಣವಿಲ್ಲದೆ ಅಪ್ರಾಪ್ತ ಮಕ್ಕಳ ಹೆಸರು ಬರುವುದನ್ನೂ ಅದು ಒಪ್ಪಲಿಲ್ಲ.

18 ತುಂಬದವರ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಪ್ರಕರಣಕ್ಕೆ ಸಂಬಂಧಿಸಿದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸುವಂತಿಲ್ಲ. ನಡತೆ ಪ್ರಮಾಣಪತ್ರಕ್ಕೆಂದು ಕೇಳಿದರೂ ಪೊಲೀಸರು ಮಗುವಿನ ಪ್ರಕರಣದ ದಾಖಲೆ ಕೊಡುವಂತಿಲ್ಲ. ಹೆಸರು, ಚಿತ್ರ ಪ್ರಕಟಿಸಿದವರಿಗೆ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದೂ ಅಪರಾಧವೇ.

'ನಿಜವನ್ನೇ ಹಾಕಿದ್ದೇನೆ' ಎಂದರೆ ಸಾಕೆ?

ಸಾಲದು. ಮಾನಹಾನಿಯ ಕ್ರಿಮಿನಲ್ ಕೇಸಿನಲ್ಲಿ ಹೇಳಿದ್ದು ನಿಜವಾಗಿದ್ದರಷ್ಟೇ ಆಗುವುದಿಲ್ಲ, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ಹಗೆ ತೀರಿಸಲು ಹಾಕಿದ ಹಳೆಯ ಕಾಗದಕ್ಕೆ ಆ ರಕ್ಷಣೆ ಸಿಗುವುದು ಕಷ್ಟ. ಕಾಗದ ನಿಜವಾದರೂ ಹೆಸರು ಹರಡಬಾರದ ಸಂದರ್ಭಗಳಿವೆ: ಕರ್ನಾಟಕ ಹೈಕೋರ್ಟ್ 2017ರ ಜನವರಿಯಲ್ಲಿ, ಅಂತರ್ಜಾಲದಲ್ಲಿ ಹುಡುಕಿದರೆ ಮಹಿಳೆಯೊಬ್ಬರ ಹೆಸರು ತನ್ನ ಆದೇಶದಲ್ಲಿ ಕಾಣದಂತೆ ನೋಡಿಕೊಳ್ಳಲು ತನ್ನ ಕಚೇರಿಗೇ ಸೂಚಿಸಿತ್ತು.

ಉದ್ಯೋಗದಾತರಿಗೆ ದಾಖಲೆ ಬೇಕಾದರೆ ಅದಕ್ಕೆ ದಾರಿಯಿದೆ. ವಿದೇಶಕ್ಕಾದರೆ ಪಾಸ್‌ಪೋರ್ಟ್ ಕಚೇರಿಯ ಮೂಲಕ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ (ಪಿಸಿಸಿ), ಇಲ್ಲಿಯ ಕೆಲಸಕ್ಕಾದರೆ ಸೇವಾಸಿಂಧುವಿನಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಅಭ್ಯರ್ಥಿಯೇ ಅರ್ಜಿ ಹಾಕುತ್ತಾನೆ. ನಮೂನೆಯಲ್ಲಿ ಕೇಸಿನ ಬಗ್ಗೆ ಪ್ರಶ್ನೆಯಿದ್ದರೆ ಮುಚ್ಚಿಡಬೇಡಿ, ಖುಲಾಸೆಯ ಆದೇಶದ ದೃಢೀಕೃತ ಪ್ರತಿ ಲಗತ್ತಿಸಿ. ವಿಷಯ ಮುಚ್ಚಿಟ್ಟದ್ದೇ ಕೆಲಸಕ್ಕೆ ಕುತ್ತಾಗಬಹುದು.

ತೊಂದರೆಯಾದರೆ ಏನು ಮಾಡಬೇಕು?

1. ಸಂದೇಶ ಅಳಿಸಿಹೋಗುವ ಮೊದಲೇ ದಿನಾಂಕ, ಕಳುಹಿಸಿದವರ ನಂಬರು, ಗ್ರೂಪಿನ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ.

2. ಮಾನಹಾನಿಗೆ ಠಾಣೆಯಲ್ಲಿ ನೇರವಾಗಿ ಎಫ್‌ಐಆರ್ ಆಗುವುದಿಲ್ಲ. ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಖಾಸಗಿ ದೂರು ಕೊಡಬೇಕು.

3. ಮಗುವಿನ ಅಥವಾ ಅತ್ಯಾಚಾರ ಸಂತ್ರಸ್ತೆಯ ಗುರುತು ಹೊರಬಿದ್ದಿದ್ದರೆ ತಡಮಾಡದೆ ಪೊಲೀಸರಿಗೆ ದೂರು ಕೊಡಿ.

4. ದಾಖಲೆ ಠಾಣೆಯಿಂದಲೇ ಸೋರಿದೆ ಎನಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದು ಸ್ವೀಕೃತಿ ಪಡೆಯಿರಿ.

ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನಾಗಬೇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಕೈಗಾರಿಕಾ ಕಾರ್ಮಿಕರು, ಕಡಿಮೆ ಆದಾಯದವರಿಗೆ ಪುತ್ತೂರಿನ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಿಯೂ ಕೇಳಬಹುದು.