ಎರಡು ಅಳತೆಯ ಬಳೆ

ಪುಟ್ಟೀ, ಗೌರಿ ಹಬ್ಬದ ದಿನ ನೀನು ಬಾಗಿನ ತಂದಾಗ ನನ್ನ ಕಣ್ಣೆಲ್ಲ ನಿನ್ನ ಕೈ ಮೇಲೇ ಇತ್ತು. ಎಡಗೈಯಲ್ಲಿ ಎರಡು-ನಾಲ್ಕರ ಹಸಿರು ಬಳೆ, ಬಲಗೈ ಬೋಳು. ರವಿಕೆಯ ಬಲತೋಳಿನ ಹೊಲಿಗೆ ಬಿಚ್ಚಿಸಿ ಅಗಲ ಮಾಡಿಸಿದ್ದು ಕಾಣುತ್ತಿತ್ತು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, “ದೊಡ್ಡಮ್ಮ, ನಿಮಗೆ ಮಾಡಿದ ಆಪರೇಷನ್ನೇ ನನಗೂ ಮಾಡಿಸಿಬಿಡಿ” ಅಂದೆಯಲ್ಲ, ಮನೆ ತುಂಬ ಜನ ಇದ್ದರು, ಉತ್ತರ ಕೊಡಲಾಗಲಿಲ್ಲ.

ನನಗೆ ಮಾಡಿದ್ದು ನಿನಗೆ ಬೇಡ. ಈಗಂತೂ ಬೇಡ.

ಅವತ್ತು ನಿನ್ನ ಕೈ ಹಿಡಿದುಕೊಂಡು ಕೂತಿದ್ದಾಗ ಹೆಬ್ಬೆರಳಿನಿಂದ ನಿನ್ನ ಮುಂಗೈ ಒತ್ತಿ ನೋಡಿದೆ. ಕಲಸಿಟ್ಟ ಚಪಾತಿ ಹಿಟ್ಟಿಗೆ ಬೆರಳಿಟ್ಟಂತೆ ಗುಳಿ ಬಿತ್ತು, ಆಮೇಲೆ ನಿಧಾನಕ್ಕೆ ತುಂಬಿಕೊಂಡಿತು. ಹಾಗೆ ಗುಳಿ ಬೀಳುತ್ತದೆ ಅಂದರೆ ನಿನ್ನ ತೋಳಿನಲ್ಲಿರುವುದು ಇನ್ನೂ ಬಹುಪಾಲು ನೀರು. ನಾನು ಆಪರೇಷನ್ನಿಗೆ ಹೋದ ಹೊತ್ತಿಗೆ ನನ್ನ ತೋಳನ್ನು ಎಷ್ಟು ಒತ್ತಿದರೂ ಗುಳಿ ಬೀಳುತ್ತಿರಲಿಲ್ಲ. ಒಳಗೆ ಕೊಬ್ಬು ಬೆಳೆದು ನಾರುಗಟ್ಟಿತ್ತು. ಒಂದೇ ಕಾಯಿಲೆಯಾದರೂ ನಿನ್ನ ತೋಳು ಬೇರೆ, ನನ್ನದು ಬೇರೆ.

ನಮ್ಮ ಅಡಿಕೆ ತೋಟದ ಬಸಿಗಾಲುವೆ ನೀನು ನೋಡಿದವಳು. ಮಳೆಗಾಲದಲ್ಲಿ ಅದು ಕಟ್ಟಿಕೊಂಡರೆ ಮರದ ಬುಡದಲ್ಲಿ ನೀರು ನಿಲ್ಲುತ್ತದೆ. ಮೈಯಲ್ಲಿ ದುಗ್ಧನಾಳಗಳು ಮಾಡುವುದು ಅದೇ ಕೆಲಸ. ರಕ್ತನಾಳದಿಂದ ಹೊರಗೆ ಜಿನುಗಿ ಉಳಿದ ನೀರು, ಪ್ರೋಟೀನು ಎಲ್ಲವನ್ನೂ ಎತ್ತಿಕೊಂಡು ಕಂಕುಳಿನ ಗ್ರಂಥಿಗಳ ಮೂಲಕ ರಕ್ತಕ್ಕೆ ವಾಪಸು ಸೇರಿಸುತ್ತವೆ. ಸ್ತನದ ಗಡ್ಡೆಗಾಗಿ ಆ ಗ್ರಂಥಿಗಳನ್ನು ತೆಗೆದು, ಮೇಲೆ ರೇಡಿಯೇಷನ್ ಕರೆಂಟನ್ನೂ ಕೊಟ್ಟಾಗ ಕಾಲುವೆ ಕಟ್ಟಬಹುದು. ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಸಿಕೊಂಡ ಹೆಂಗಸರಲ್ಲಿ ಹೆಚ್ಚುಕಡಿಮೆ 5ರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ನಿನ್ನ ತಪ್ಪಿನಿಂದ ಆದದ್ದಲ್ಲ ಕಣೇ. ಬಕೆಟ್ಟು ಎತ್ತಿದ್ದರಿಂದ ಬಂತು, ಮಗುವನ್ನು ಎತ್ತಿಕೊಂಡಿದ್ದರಿಂದ ಬಂತು ಅಂತ ನಿನ್ನ ಅತ್ತೆ ಹೇಳುವುದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. 2009ರಲ್ಲಿ ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ತೋಳನ್ನು ಬಿಗಿಯಾಗಿ ಹಿಡಿಯುವ ಸ್ಲೀವ್ ಹಾಕಿಕೊಂಡು ಸ್ವಲ್ಪ ಸ್ವಲ್ಪವೇ ಭಾರ ಎತ್ತುತ್ತಾ ಬಂದವರಿಗೆ ಊತ ಹೆಚ್ಚಲಿಲ್ಲ.

ನಾನು ಎಡವಿದ್ದು ಮೊದಲ ಹೆಜ್ಜೆಯಲ್ಲೇ. ಗಡ್ಡೆ ತೆಗೆದದ್ದು 2009ರಲ್ಲಿ, ತೋಳು ಊದಿದ್ದು 2011ರಲ್ಲಿ. ತೋರಿಸಿದ ಕಡೆ ಮೂತ್ರ ಹೆಚ್ಚಾಗಿ ಹೋಗುವ ಮಾತ್ರೆ ಬರೆದುಕೊಟ್ಟರು. ಎರಡು ವರ್ಷ ನುಂಗಿದೆ. ಆ ಮಾತ್ರೆ ನೀರನ್ನೇನೋ ಹೊರಹಾಕುತ್ತದೆ, ಪ್ರೋಟೀನು ಅಲ್ಲೇ ಉಳಿದು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ. ಜೊತೆಗೆ ಬಿಸಿ ಎಣ್ಣೆ ಹಾಕಿ ತಿಕ್ಕಿಸಿಕೊಂಡೆ, ಅದೂ ತಪ್ಪು. ಆ ಎರಡು ವರ್ಷ ಸರಿಯಾಗಿ ಕಟ್ಟು ಕಟ್ಟಿಸಿಕೊಂಡಿದ್ದರೆ ನನ್ನ ತೋಳು ಆ ಮಟ್ಟಕ್ಕೆ ಹೋಗುತ್ತಿರಲಿಲ್ಲ ಅಂತ ಈಗಲೂ ಸಂಕಟವಾಗುತ್ತದೆ. ಅದಕ್ಕೇ ನಿನಗೆ ಇಷ್ಟು ಉದ್ದ ಬರೆಯುತ್ತಿರುವುದು.

ಹಾಗಾಗಿ ನಿನಗೆ ಮೊದಲು ಬೇಕಾದದ್ದು ಕತ್ತರಿಯಲ್ಲ, ಕಟ್ಟು. ಲಿಂಫೆಡಿಮಾ ಅನ್ನುವ ಈ ಊತದ ಚಿಕಿತ್ಸೆ ಕಲಿತ ಫಿಸಿಯೋಥೆರಪಿಸ್ಟ್ ಹತ್ತಿರ ಎರಡು ಮೂರು ವಾರ ಬಿಡದೆ ಹೋಗಬೇಕು. ಚರ್ಮವನ್ನು ಮೆಲ್ಲಗೆ ಸವರಿ ನೀರನ್ನು ಮೇಲಕ್ಕೆ ಸಾಗಿಸುತ್ತಾರೆ. ಆಮೇಲೆ ಹೆಚ್ಚು ಹಿಗ್ಗದ ಬ್ಯಾಂಡೇಜನ್ನು ಬೆರಳಿನಿಂದ ಕಂಕುಳಿನ ತನಕ ಪದರ ಪದರವಾಗಿ ಸುತ್ತುತ್ತಾರೆ. ಆ ಕಟ್ಟಿನಲ್ಲೇ ವ್ಯಾಯಾಮ. ತೋಳು ಇಳಿದ ಮೇಲೆ ಅಳತೆಗೆ ಹೊಲಿದ ಸ್ಲೀವ್. ಸೆಕೆಗಾಲದಲ್ಲಿ ಕಷ್ಟ, ಸುಳ್ಳು ಹೇಳುವುದಿಲ್ಲ. ಎಷ್ಟೋ ಜನರ ತೋಳು ಇಷ್ಟಕ್ಕೇ ಹದಕ್ಕೆ ಬರುತ್ತದೆ. ಕೆಲವು ತಿಂಗಳು ಹೀಗೆ ನಿಷ್ಠೆಯಿಂದ ಮಾಡಿಯೂ ಸಾಲದೆ ಹೋದರೆ ಆಗ ಸರ್ಜನ್ ಮುಂದೆ ಕೂರೋಣ. ಅಷ್ಟರೊಳಗೆ ನಿನ್ನ ಕ್ಯಾನ್ಸರ್ ಡಾಕ್ಟರಿಗೆ ಒಮ್ಮೆ ತೋರಿಸು. ಸುಮ್ಮನಿದ್ದ ತೋಳು ಊದಿದರೆ ಗಡ್ಡೆ ಮರಳಿ ಬಂದಿಲ್ಲ, ರಕ್ತನಾಳದಲ್ಲಿ ಹೆಪ್ಪುಗಟ್ಟಿಲ್ಲ ಅಂತ ಮೊದಲು ಖಚಿತವಾಗಬೇಕು.

ಸರ್ಜನ್ನರಲ್ಲಿಯೂ ಒಂದೇ ಬಗೆಯ ಆಪರೇಷನ್ ಇಲ್ಲ. ನಿನ್ನಂಥ ತೋಳಿಗೆ, ನಾಳಗಳು ಇನ್ನೂ ಪೂರ್ತಿ ಕೆಡದಿದ್ದರೆ, ದುಗ್ಧನಾಳವನ್ನು ಪಕ್ಕದ ಸಣ್ಣ ರಕ್ತನಾಳಕ್ಕೆ ಜೋಡಿಸುವುದುಂಟು. ಕಟ್ಟಿದ ಬಸಿಗಾಲುವೆಯ ಪಕ್ಕ ಒಡ್ಡು ಕಡಿದು ನೀರನ್ನು ಹಳ್ಳಕ್ಕೆ ಬಿಟ್ಟ ಹಾಗೆ. ಈ ನಾಳಗಳು 1 ಮಿಲಿಮೀಟರಿಗೂ ಸಣ್ಣವು. ಹೊಲಿಯುವ ದಾರ ನಮ್ಮ ಕೂದಲಿಗಿಂತ ತೆಳು. ಮೈಕ್ರೋಸ್ಕೋಪು ಇಟ್ಟುಕೊಂಡು ಹೊಲಿಯುವ ಈ ಕೌಶಲವನ್ನು ಬೆಳೆಸಿದವರಲ್ಲಿ ಜಪಾನಿನ ಇಸಾವೊ ಕೊಶಿಮಾ ಮುಖ್ಯರು. ಮೊದಲು ಬೆರಳ ಸಂದಿಯಲ್ಲಿ ಹಸಿರು ಬಣ್ಣದ ಔಷಧ ಚುಚ್ಚಿ ವಿಶೇಷ ಕ್ಯಾಮರಾದಲ್ಲಿ ನೋಡುತ್ತಾರೆ. ನಾಳ ಚೆನ್ನಾಗಿದ್ದರೆ ಗೆರೆ ಎಳೆದಂತೆ ಹೊಳೆಯುತ್ತದೆ, ಕೆಟ್ಟಿದ್ದರೆ ರಂಗೋಲಿ ಪುಡಿ ಚೆಲ್ಲಿದಂತೆ ಹರಡಿಕೊಳ್ಳುತ್ತದೆ. ಆ ಚಿತ್ರ ತೆಗೆಯದೆ ಆಪರೇಷನ್ ದಿನಾಂಕ ಕೊಡುವವರಿದ್ದರೆ ಅಲ್ಲಿಂದ ಎದ್ದು ಬಾ.

ಇನ್ನೊಂದು, ಮೈಯ ಬೇರೆ ಕಡೆಯಿಂದ ಗ್ರಂಥಿಗಳನ್ನು ರಕ್ತನಾಳದ ಸಮೇತ ತೆಗೆದು ಕಂಕುಳಿಗೋ ಮಣಿಕಟ್ಟಿಗೋ ಕಸಿ ಮಾಡುವುದು. ತೊಡೆಸಂದಿಯಿಂದ ತೆಗೆದರೆ ಆ ಕಾಲು ಊದಿಕೊಳ್ಳುವ ಭಯವೂ ಇದೆ. “ಎಲ್ಲಿಂದ ತೆಗೆಯುತ್ತೀರಿ, ಅಲ್ಲಿ ಊದಿಕೊಳ್ಳದ ಹಾಗೆ ಏನು ಮಾಡುತ್ತೀರಿ?” ಅಂತ ನಾಚಿಕೊಳ್ಳದೆ ಕೇಳು. ಫಲ ಕಾಣಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ನನಗೆ ಈ ಎರಡೂ ಆಗುವ ಹಾಗಿರಲಿಲ್ಲ. ಬೆಳೆದ ಕೊಬ್ಬು ಯಾವ ನಾಳದಲ್ಲೂ ಹರಿದು ಹೋಗುವುದಿಲ್ಲವಲ್ಲ. 2018ರಲ್ಲಿ ಲಿಪೊಸಕ್ಷನ್ ಮಾಡಿದರು. ಮೊದಲು ಕಟ್ಟಿನಿಂದ ನೀರನ್ನೆಲ್ಲ ಇಳಿಸಿ, ಆಮೇಲೆ ತೋಳಿನುದ್ದಕ್ಕೂ ಸಣ್ಣ ಸಣ್ಣ ಗಾಯ ಮಾಡಿ ಕೊಳವೆಯಿಂದ ಕೊಬ್ಬನ್ನು ಎಳೆದರು. ಟೇಬಲ್ಲಿನ ಮೇಲೆಯೇ ಸ್ಲೀವ್ ಹಾಕಿದರು. ಎಚ್ಚರವಾದಾಗ ತೋಳು ಹಗುರವಾಗಿತ್ತು, ಆದರೆ ಮೂರು ದಿನ ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ಮೂರು ತಿಂಗಳಿಗೆ ಎರಡೂ ಕೈಗೆ ಒಂದೇ ಅಳತೆಯ ರವಿಕೆ ತೋಳು ಹಿಡಿಯಿತು. ಅವತ್ತು ಅತ್ತುಬಿಟ್ಟೆ.

ನಿನಗೆ ಕಂಡದ್ದು ಆ ಸಣ್ಣ ತೋಳು. ನೀನು ಕಾಣದ್ದು, ಆಪರೇಷನ್ ದಿನದಿಂದ ಇವತ್ತಿನ ತನಕ ನಾನು ಹಗಲೂ ರಾತ್ರಿ ತೊಟ್ಟಿರುವ ಸ್ಲೀವನ್ನು. ಸ್ನಾನಕ್ಕೆ ಮಾತ್ರ ತೆಗೆಯುತ್ತೇನೆ. ಸ್ವೀಡನ್ನಿನ ಮಾಲ್ಮೋದ ಹೋಕನ್ ಬ್ರೋರ್ಸನ್ ಈ ಲಿಪೊಸಕ್ಷನ್ ಚಿಕಿತ್ಸೆಯನ್ನು ಕ್ರಮಬದ್ಧವಾಗಿ ಬೆಳೆಸಿದವರು. ಆಪರೇಷನ್ ಆಗಿ ಒಂದು ವರ್ಷವಾದವರಿಂದ ಒಂದೇ ವಾರ ಸ್ಲೀವ್ ತೆಗೆಸಿ ನೋಡಿದಾಗ ತೋಳು ಮತ್ತೆ ಊದಿತ್ತು ಅಂತ 1998ರಲ್ಲಿ ಅವರೇ ಬರೆದಿದ್ದಾರೆ. ಕೊಬ್ಬು ತೆಗೆದರೂ ಕಟ್ಟಿದ ಕಾಲುವೆ ಕಟ್ಟಿಕೊಂಡೇ ಇರುತ್ತದೆ. ಸ್ಲೀವ್ ಬಿಡದವರ ತೋಳು ವರ್ಷಾನುಗಟ್ಟಲೆ ಹಾಗೇ ಉಳಿದಿದೆ. ನಾಳ ಜೋಡಿಸಿಕೊಂಡವರಲ್ಲಿ ಕೆಲವರು ಸ್ಲೀವನ್ನು ಕಡಿಮೆ ಮಾಡಿದ್ದೂ ಉಂಟು, ಆದರೆ ಹಾಗಾಗುತ್ತದೆ ಅಂತ ಮುಂಚಿತವಾಗಿ ಮಾತು ಕೊಡಲು ಯಾರಿಂದಲೂ ಆಗದು. “ಆಪರೇಷನ್ ಆದಮೇಲೆ ಏನೂ ಬೇಡ, ಮೊದಲಿನಂತಾಗುತ್ತೀರಿ” ಅಂತ ಯಾರಾದರೂ ಹೇಳಿದರೆ ನಂಬಬೇಡ. ಖರ್ಚು ಕೇಳುವಾಗಲೂ ಸ್ಲೀವಿನ ಖರ್ಚು ಸೇರಿಸಿ ಕೇಳು. ಕೆಲವು ತಿಂಗಳಿಗೇ ಅದರ ಬಿಗಿ ಹೋಗುತ್ತದೆ, ಒಂದು ಒಗೆಯುವಾಗ ತೊಡಲು ಇನ್ನೊಂದು ಬೇಕು.

ಚರ್ಮದ ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಒಂದು ಮಳೆಗಾಲ ಹಲಸಿನಕಾಯಿ ಹೆಚ್ಚುವಾಗ ಮೆಟ್ಟುಗತ್ತಿ ತಾಗಿ ಬೆರಳು ಸ್ವಲ್ಪ ಕೊಯ್ದಿತು. ಅರಿಶಿನ ಒತ್ತಿ ಸುಮ್ಮನಾದೆ. ರಾತ್ರಿ ಹತ್ತಕ್ಕೆ ಚಳಿ ಜ್ವರ, ಬೆಳಗಾಗುವಷ್ಟರಲ್ಲಿ ತೋಳೆಲ್ಲ ಕೆಂಪಗೆ ಕಾದ ಬಾಣಲೆ. ಐದು ದಿನ ಆಸ್ಪತ್ರೆಯಲ್ಲಿ ಡ್ರಿಪ್ಪಿನಲ್ಲಿ ಆ್ಯಂಟಿಬಯೋಟಿಕ್ ಹಾಕಿಸಿಕೊಂಡೆ. ಒಂದೊಂದು ಸಲ ಹೀಗಾದಾಗಲೂ ಉಳಿದ ನಾಳಗಳು ಇನ್ನಷ್ಟು ಕೆಡುತ್ತವೆ. ಕೆಂಪು, ಬಿಸಿ, ಜ್ವರ ಕಂಡರೆ ಬೆಳಗಿನ ತನಕ ಕಾಯಬೇಡ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯವರು ಆನೆಕಾಲಿನವರಿಗೆ ಹೇಳಿಕೊಡುವುದರಲ್ಲೂ ಚರ್ಮ ತೊಳೆದು ಒರೆಸಿ ಕಾಪಾಡಿಕೊಳ್ಳುವುದು ಮೊದಲು. ಅವರದ್ದು ಸೊಳ್ಳೆಯಿಂದ ಬಂದ ಹುಳದ ಕಾಯಿಲೆ, ನಮ್ಮದು ಬೇರೆ. ಕಟ್ಟಿದ್ದು ಮಾತ್ರ ಅದೇ ಕಾಲುವೆ. ಪಕ್ಕದ ಮನೆಯವರು “ಅಂಟುತ್ತಾ?” ಅಂತ ಕೇಳಿದರೆ ಇಲ್ಲ ಅಂತ ನೇರವಾಗಿ ಹೇಳು, ಸೆರಗು ಎಳೆದು ಮುಚ್ಚಬೇಡ.

ಭಾನುವಾರ ಬಾ. ರವಿಕೆ ಹೊಲಿಯುವ ಟೇಪು, ಒಂದು ಪೆನ್ನು ತಾ. ಮಣಿಕಟ್ಟಿನಿಂದ ಮೇಲಕ್ಕೆ 4 ಸೆಂಟಿಮೀಟರಿಗೊಂದು ಗುರುತು ಹಾಕಿ ಎರಡೂ ಕೈ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ, ಕಟ್ಟು ಶುರುವಾಗುವ ಮುಂಚಿನ ಲೆಕ್ಕ ಇರಲಿ. ಸೋಮವಾರ ಫಿಸಿಯೋಥೆರಪಿಗೆ ನಾನೂ ಜೊತೆಗೆ ಬರುತ್ತೇನೆ. ಬಳೆಗಾರನಿಗೆ ಎರಡು-ಎಂಟರದ್ದೂ ಒಂದು ಡಜನ್ ತಂದಿಡಲು ಹೇಳಿದ್ದೇನೆ. ಕೈಗೆ ಸಡಿಲವಾಗಿ ಕೂತರೆ ಮಾತ್ರ ತೊಡಿಸುತ್ತೇನೆ.