ಕ್ಯಾಸನೂರು ಕಾಡು ಮತ್ತು ಜೀವಗಳ ಪರಸ್ಪರೋಪಗ್ರಹ

ಜೀವಗಳು ಒಂದಕ್ಕೊಂದು ಆಸರೆಯಾಗಿಯೇ ಬಾಳುತ್ತವೆಂಬುದನ್ನು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ಒಂದು ಚಿಕ್ಕ ಸೂತ್ರದಲ್ಲಿ ಹೇಳಿ ಮುಗಿಸಿದೆ. ಅಲ್ಲಿಯ ‘ಉಪಗ್ರಹ’ ಶಬ್ದಕ್ಕೆ ಉಪಕಾರವೆಂದಷ್ಟೇ ಅರ್ಥ ಹೇಳಿ ಮುಂದೆ ಸಾಗುವುದು ರೂಢಿ. ಆದರೆ ಅದರ ಹಿಂದಿನ ಸೂತ್ರದಲ್ಲಿ ಸುಖ ಮತ್ತು ಜೀವಿತಗಳೊಡನೆ ದುಃಖ ಮತ್ತು ಮರಣಗಳೂ ಉಪಗ್ರಹಗಳೆಂದೇ ಎಣಿಸಲ್ಪಟ್ಟಿವೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯು ಈ ನಾಲ್ಕನ್ನೂ ಜೀವಗಳ ಪರಸ್ಪರ ಸಂಬಂಧಕ್ಕೆ ಅನ್ವಯಿಸುತ್ತದೆ. ಅಂದಮೇಲೆ ಒಂದು ಜೀವದಿಂದ ಇನ್ನೊಂದಕ್ಕೆ ಸಲ್ಲುವುದು ಸದಾ ಹಿತವೇ ಆಗಿರಬೇಕೆಂದಿಲ್ಲ. ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿಯೇ ಅದು ಉಂಟು.

ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಸೆರಗಿನಲ್ಲಿವೆ. ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಂತೆಲ್ಲ ಮಳೆ ಕಡಿಮೆಯಾಗುತ್ತದೆ, ಕಾಡು ತೆಳುವಾಗುತ್ತದೆ. ಸೊರಬದ ಕಡೆಯಲ್ಲಿ ‘ಕಾನು’ ಎಂದು ಕರೆಯುವ ನಿತ್ಯಹರಿದ್ವರ್ಣದ ತುಣುಕುಗಳುಂಟು. ಬೈನೆಮರ, ಕಾಡುಮೆಣಸಿನ ಬಳ್ಳಿ, ಬೆತ್ತ ಇವು ಅಲ್ಲಿ ಬೆಳೆಯುವವು. ಕಾನಿನ ನೆರಳಲ್ಲಿ ಇಂಗಿದ ನೀರು ಕೆಳಗಿನ ಗದ್ದೆ ತೋಟಗಳಿಗೆ ಒರತೆಯಾಗಿ ಇಳಿಯುವುದು. ಕಾನು, ಹುಲ್ಲುಗಾವಲು, ಗದ್ದೆ, ಅಡಿಕೆತೋಟ ಇವು ಒಂದರ ಮಗ್ಗುಲಲ್ಲಿ ಒಂದು ಇರುವುದರಿಂದ ಕಾಡಿನ ಪ್ರಾಣಿಯೂ ಊರಿನ ದನವೂ ಒಂದೇ ನೆಲವನ್ನು ತುಳಿಯುತ್ತವೆ.

ಇಂತಹ ನೆಲದಲ್ಲಿ ಶಕ್ತಿಯ ಹಂಚಿಕೆ ನಡೆಯುವ ಬಗೆಯನ್ನು ಮೊದಲು ತಿಳಿಯಬೇಕು. ಬಿಸಿಲಿನ ಶಕ್ತಿಯನ್ನು ಆಹಾರವನ್ನಾಗಿ ಮಾರ್ಪಡಿಸಬಲ್ಲುದು ಹಸುರೆಲೆಯೊಂದೇ. ಏಕೇಂದ್ರಿಯವಾದ ಈ ವನಸ್ಪತಿಯೇ ಕಾಡಿನ ಉಳಿದೆಲ್ಲ ಜೀವಗಳ ಅನ್ನದ ಮೂಲ. ಅಮೆರಿಕದ ಮಿನೆಸೋಟ ಪ್ರಾಂತದ ಸೀಡರ್ ಬಾಗ್ ಎಂಬ ಚಿಕ್ಕ ಕೆರೆಯನ್ನು ವರ್ಷಗಟ್ಟಲೆ ಪರೀಕ್ಷಿಸಿದ ರೇಮಂಡ್ ಲಿಂಡೆಮನ್ ಎಂಬ ತರುಣ ವಿಜ್ಞಾನಿಯು, ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಶಕ್ತಿಯ ಅಲ್ಪಾಂಶ ಮಾತ್ರ ಸಲ್ಲುತ್ತದೆಂದು ತೋರಿಸಿದನು. ಅವನ ಲೇಖನವು 1942ರಲ್ಲಿ ಅಚ್ಚಾಗುವ ಮೊದಲೇ ಅವನು 26ನೆಯ ವಯಸ್ಸಿನಲ್ಲಿ ತೀರಿಕೊಂಡನು. ಸ್ಥೂಲವಾಗಿ ಹೇಳುವುದಾದರೆ ಹತ್ತರಲ್ಲೊಂದು ಪಾಲು ಮುಂದಕ್ಕೆ ಸಲ್ಲುತ್ತದೆ. ಉಳಿದುದು ಉಸಿರಾಟದಲ್ಲಿ, ಓಡಾಟದಲ್ಲಿ, ಮೈಶಾಖದಲ್ಲಿ ವ್ಯಯವಾಗುತ್ತದೆ. ನೂರು ಪಾಲು ಹುಲ್ಲಿನಿಂದ ದನದ ಮೈಗೆ ಹತ್ತು ಪಾಲು ಕೂಡಿದರೆ, ಆ ದನದ ರಕ್ತವನ್ನು ಹೀರುವ ಉಣುಗಿಗೆ ದಕ್ಕುವುದು ಒಂದು ಪಾಲಿಗೂ ಕಡಿಮೆ. ಸಸ್ಯಾಹಾರಿಯು ಈ ಸೋಪಾನದ ಕೆಳಮೆಟ್ಟಿಲಲ್ಲಿಯೇ ನಿಂತು ಉಣ್ಣುವುದರಿಂದ ಅವನ ತುತ್ತಿಗೆ ತಗಲುವ ಹಸುರು ಅತ್ಯಲ್ಪ. ಅಹಿಂಸೆಗಾಗಿ ವಿಧಿಸಿದ ಆಹಾರನಿಯಮಕ್ಕೆ ಗಣಿತದ ಸಾಕ್ಷಿಯೂ ದೊರೆತಂತಾಯಿತು. ಕಾಡಿನ ಎಲೆಯಲ್ಲಿ ಬಹುಪಾಲು ಹಸುರಾಗಿರುವಾಗ ಯಾವ ಪ್ರಾಣಿಯ ಬಾಯಿಗೂ ಬೀಳದೆ ತರಗಾಗಿ ಉದುರುವುದೆಂಬುದು ಇನ್ನೊಂದು ಗಮನಾರ್ಹ ಸಂಗತಿ. ಗೆದ್ದಲು, ಅಣಬೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನುಂಡು ಮಣ್ಣಿಗೆ ಹಿಂತಿರುಗಿಸುತ್ತವೆ. ಉಣುಗು ಹೊಂಚಿ ಕೂರುವುದೂ ಆ ತರಗಿನಲ್ಲಿಯೇ.

ಉಣುಗು ತನ್ನ ಜೀವಮಾನದಲ್ಲಿ ಮೂರು ಸಲ ಮಾತ್ರ ಉಣ್ಣುತ್ತದೆ: ಆರು ಕಾಲಿನ ಮರಿಯಾಗಿದ್ದಾಗ ಒಮ್ಮೆ, ಎಂಟು ಕಾಲು ಮೂಡಿದ ಎಳೆಯ ಅವಸ್ಥೆಯಲ್ಲಿ ಒಮ್ಮೆ, ಬಲಿತ ಮೇಲೆ ಒಮ್ಮೆ. ನಡುವೆ ತಿಂಗಳುಗಟ್ಟಲೆ ಆಹಾರವಿಲ್ಲದೆ ಇರಬಲ್ಲುದು. ಇದನ್ನು ಉಪವಾಸವೆನ್ನಲಾಗದು, ಸಿಕ್ಕದುದರಿಂದ ಉಣ್ಣದಿರುವುದು ಬೇರೆ, ಸಿಕ್ಕಿಯೂ ತ್ಯಜಿಸುವುದು ಬೇರೆ. ಮರಿಗಳು ಇಲಿ, ಮೂಗಿಲಿ, ನೆಲದ ಮೇಲೆ ಮೇಯುವ ಹಕ್ಕಿ, ಮಂಗ ಇವುಗಳನ್ನು ಹಿಡಿಯುತ್ತವೆ. ಬಲಿತವು ದನ, ಕಡವೆ, ಕಾಟಿಗಳಂತಹ ದೊಡ್ಡ ಪ್ರಾಣಿಗಳನ್ನು ಆಶ್ರಯಿಸಿ, ಹೊಟ್ಟೆ ತುಂಬಿದ ಮೇಲೆ ನೆಲಕ್ಕುದುರಿ ಸಾವಿರಾರು ಮೊಟ್ಟೆಗಳನ್ನಿಡುತ್ತವೆ.

1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಹಿಂದೆಯೇ ಸುತ್ತಣ ಹಳ್ಳಿಗಳ ಜನರು ತೀವ್ರ ಜ್ವರ, ತಲೆನೋವು, ರಕ್ತಸ್ರಾವಗಳಿಂದ ಹಾಸಿಗೆ ಹಿಡಿದರು. ಆ ಒಂದು ವರ್ಷದಲ್ಲಿ 466 ಮಂದಿಗೆ ರೋಗ ತಗಲಿತು. ಮೊದಲು ಇದು ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರವಿರಬಹುದೆಂಬ ಶಂಕೆ ಮೂಡಿತ್ತು. ಪುಣೆಯ ವೈರಾಣು ಸಂಶೋಧನ ಕೇಂದ್ರದ ಟೆಲ್‌ಫರ್ಡ್ ವರ್ಕ್ ಮತ್ತು ಸಂಗಡಿಗರು ಇದು ಹೊಸದೊಂದು ವೈರಾಣುವೆಂದೂ ಉಣುಗಿನಿಂದ ಹರಡುವುದೆಂದೂ ಕಂಡುಹಿಡಿದರು. ಕಾಡಿನ ಹೆಸರೇ ರೋಗದ ಹೆಸರಾಯಿತು. ಜನರ ಬಾಯಲ್ಲಿ ಅದು ‘ಮಂಗನ ಕಾಯಿಲೆ’.

ಈ ಹೆಸರಿನಿಂದ ಮಂಗಕ್ಕೆ ಅನ್ಯಾಯವಾಗಿದೆಯೆಂದೇ ಹೇಳಬೇಕು. ಮಂಗವೂ ಮನುಷ್ಯನಂತೆಯೇ ರೋಗಕ್ಕೆ ತುತ್ತಾದ ಜೀವ. ಸತ್ತ ಮಂಗನ ಮೈಯಿಂದ ಸೋಂಕಿನ ಉಣುಗುಗಳು ಉದುರಿ ಆ ನೆಲವನ್ನು ಅಪಾಯದ ತಾಣವನ್ನಾಗಿ ಮಾಡುತ್ತವೆ. ಮಂಗಗಳನ್ನು ಕೊಂದರೆ ರೋಗ ತೊಲಗೀತೆಂಬುದು ಇದರಿಂದಲೇ ಹುಸಿಯಾಗುತ್ತದೆ. ದನದ ಪಾತ್ರವಂತೂ ಮತ್ತೂ ವಿಚಿತ್ರವಾದುದು. ಅದು ರೋಗದಿಂದ ಬಳಲುವುದಿಲ್ಲ, ವೈರಾಣುವನ್ನು ಹೆಚ್ಚಾಗಿ ಹೊರುವುದೂ ಇಲ್ಲ. ಆದರೆ ಬಲಿತ ಉಣುಗುಗಳಿಗೆ ಅನ್ನವಿಕ್ಕಿ ಅವುಗಳ ಸಂತತಿಯನ್ನು ಬೆಳೆಸುತ್ತದೆ. ಇದನ್ನು ಕೂಲಂಕಷವಾಗಿ ವಿಚಾರಿಸಿದ ಜಾರ್ಜ್ ಬೋಶೆಲ್ ಎಂಬ ವಿಜ್ಞಾನಿಯು 1969ರಲ್ಲಿ, ಕಾಡನ್ನು ಕಡಿದು ದನಗಳನ್ನು ಒಳಕ್ಕಟ್ಟಿದುದೇ ರೋಗವು ಭುಗಿಲೇಳಲು ಕಾರಣವೆಂದು ಪ್ರತಿಪಾದಿಸಿದನು. 1972ರವರೆಗೆ ಬಹುಮಟ್ಟಿಗೆ ಸಾಗರ, ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿಯೇ ಇದ್ದ ರೋಗವು ಅನಂತರ ಬೇರೆಡೆಗೆ ಹಬ್ಬಿತು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಡೆ ಗೇರುತೋಟಕ್ಕಾಗಿ ಕಾಡು ಬೋಳಿಸಿದೆಡೆಯಲ್ಲಿ ಅದು ಉಗ್ರರೂಪ ತಾಳಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಮತ್ತೆ ಜೀವಗಳನ್ನು ಬಲಿತೆಗೆದುಕೊಂಡಿತು.

ಅಣುವ್ರತಿಯಾದ ಗೃಹಸ್ಥನಿಗೆ ಇಲ್ಲಿ ಒಂದು ಕ್ಲೇಶವುಂಟು. ಉಣುಗೂ ತ್ರಸಜೀವಿ, ಹೇನು ತಿಗಣೆಗಳ ಸಾಲಿಗೆ ಸೇರಿದುದು. ಮನೆಯವರ ಪ್ರಾಣವನ್ನು ಕಾಯುವುದೋ, ವ್ರತವನ್ನು ಕಾಯುವುದೋ? ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿರುವುದು ಇಂತಹ ಸಂದರ್ಭಕ್ಕಾಗಿಯೇ. ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕಾದುದು ಸಂಕಲ್ಪಹಿಂಸೆ. ಅದಕ್ಕೂ ಮೊದಲು ಕೊಲ್ಲದೆಯೇ ದೂರವಿಡುವ ಮಾರ್ಗಗಳುಂಟು. ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆಯವರು ಹಂಚುವ ‘ಡೀಪಾ’ ಎಣ್ಣೆಯನ್ನು ಕೈಕಾಲಿಗೆ ಸವರಿಕೊಂಡರೆ ಉಣುಗು ಹತ್ತದು. ಅದು ಸಾಯಬೇಕೆಂಬ ಭಾವ ಅಲ್ಲಿಲ್ಲ. ಕಾಡಿಗೆ ಬೆಂಕಿಯಿಟ್ಟು ಉಣುಗನ್ನು ನಾಶಮಾಡುವೆನೆಂಬ ಆಲೋಚನೆಯಾದರೋ ಸರ್ವಥಾ ಸಲ್ಲದು. ಶ್ರಾವಕಾಚಾರಗಳು ನಿಷೇಧಿಸಿರುವ ಕ್ರೂರಕರ್ಮಗಳಲ್ಲಿ ಕಾಡಿಗೆ ಕಿಚ್ಚಿಡುವುದೂ ಒಂದು.

ಕಾಲದ ವಿಚಾರವೊಂದು ಉಳಿದಿದೆ. ಬಲಿತ ಉಣುಗು ಮಳೆಗಾಲದಲ್ಲಿ ಚುರುಕಾಗಿರುತ್ತದೆ. ಮಳೆ ನಿಂತ ಮೇಲೆ ಮರಿಗಳು ಹೊರಡುತ್ತವೆ. ಮನುಷ್ಯನಿಗೆ ರೋಗ ತಗಲಿಸುವುದು ಹೆಚ್ಚಾಗಿ ಅವುಗಳ ಎಳೆಯ ಅವಸ್ಥೆ. ಅದರ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ತೋಟಕ್ಕೆ ಹೊದಿಸಲು ತರಗು, ಒಲೆಗೆ ಸೌದೆ ಬೇಕೆಂದು ಜನರು ಕಾಡು ಹೊಕ್ಕುವುದೂ ಆ ತಿಂಗಳುಗಳಲ್ಲಿಯೇ. ದಶಕಗಳ ಕಾಲ ನೀಡಲಾಗುತ್ತಿದ್ದ ಹಳೆಯ ಲಸಿಕೆಯು ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಂತುಹೋಯಿತು. ಆದುದರಿಂದ ಕಾಡಂಚಿನಲ್ಲಿ ಮಂಗ ಸತ್ತು ಬಿದ್ದುದನ್ನು ಕಂಡವರು ಅನುಕಂಪದಿಂದಲೂ ಅದನ್ನು ಮುಟ್ಟದೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅಂದೇ ಸುದ್ದಿ ಮುಟ್ಟಿಸಿ, ಆ ಕಡೆಗೆ ದನ ಹೊಡೆಯದಂತೆ ನೆರೆಯವರಿಗೆ ತಿಳಿಸತಕ್ಕದ್ದು.