ಹಾಸಿಗೆಯ ಕೆಳಗಿನ ಕರೆಂಟು

ದಿನ ತುಂಬುವ ಮೊದಲೇ ಹುಟ್ಟಿದ ಕೂಸನ್ನು ಐಸಿಯುನಲ್ಲಿ ನೋಡಿದವರಿಗೆ ಗೊತ್ತು: ಮೊದಲು ಕಣ್ಣಿಗೆ ಬೀಳುವುದು ವೈರುಗಳು, ಆಮೇಲೆ ಮಗು. ಎದೆಬಡಿತಕ್ಕೆ, ಉಸಿರಿಗೆ, ರಕ್ತದ ಆಮ್ಲಜನಕಕ್ಕೆ ಎಂದು ಮೈಮೇಲೆಲ್ಲ ಪಟ್ಟಿ ಅಂಟಿಸಿರುತ್ತಾರೆ. ಬಿಡಿಸುವಾಗ ಎಳೆಯ ಚರ್ಮವೂ ಕಿತ್ತುಬರಬಹುದು. ತಾಯಿ ಎತ್ತಿಕೊಳ್ಳಬೇಕೆಂದರೆ ನರ್ಸಮ್ಮ ಬಂದು ಒಂದೊಂದೇ ವೈರು ಸರಿಸಿಕೊಡಬೇಕು.

2019ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ರೋಜರ್ಸ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಎದೆಗೊಂದು, ಪಾದಕ್ಕೊಂದು ಮೆತ್ತನೆಯ ಪಟ್ಟಿ, ಅಷ್ಟೆ. ಒಳಗಿನ ತಾಮ್ರದ ಎಳೆಗಳನ್ನು ಅಂಕುಡೊಂಕಾಗಿ ಹಾಸಿರುವುದರಿಂದ ಚರ್ಮ ಹಿಗ್ಗಿದರೆ ಪಟ್ಟಿಯೂ ಹಿಗ್ಗುತ್ತದೆ. ವೈರಿಲ್ಲ, ಬ್ಯಾಟರಿಯೂ ಇಲ್ಲ. ಮತ್ತೆ ಕರೆಂಟು ಎಲ್ಲಿಂದ?

ಹಾಸಿಗೆಯ ಕೆಳಗಿನಿಂದ. ಅಲ್ಲೊಂದು ದೊಡ್ಡ ತಂತಿಸುರುಳಿ ಇದೆ. ಅದರಲ್ಲಿ ಕರೆಂಟು ಸೆಕೆಂಡಿಗೆ 1 ಕೋಟಿ 35 ಲಕ್ಷ 60 ಸಾವಿರ ಸಲ, ಅಂದರೆ 13.56 ಮೆಗಾಹರ್ಟ್ಸ್‌ನಲ್ಲಿ, ಹಿಂದೆಮುಂದೆ ತೂಗುತ್ತದೆ. ಜೊತೆಗೇ ಸುತ್ತಲಿನ ಕಾಂತಕ್ಷೇತ್ರವೂ ಬದಲಾಗುತ್ತ ಹೋಗುತ್ತದೆ. ಬದಲಾಗುವ ಕಾಂತಕ್ಷೇತ್ರದಲ್ಲಿ ಸುರುಳಿ ಇಟ್ಟರೆ ಅದರಲ್ಲಿ ಕರೆಂಟು ಹುಟ್ಟುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ಪಟ್ಟಿಯಲ್ಲಿರುವುದು ಅಂಥದೇ ಸುರುಳಿ. ನಿಮ್ಮ ಮೆಟ್ರೊ ಕಾರ್ಡಿನಲ್ಲೂ ಇದೇ ಉಪಾಯ. ಅದಕ್ಕೆ ಯಾರಾದರೂ ಸೆಲ್ ಹಾಕಿದ್ದು ನೋಡಿದ್ದೀರಾ?

ನನಗೆ ಇನ್ನೂ ಹಿಡಿಸಿದ್ದು ಪಟ್ಟಿ ಸುದ್ದಿ ಕಳಿಸುವ ಬಗೆ. ಅದು ತಾನಾಗಿ ಅಲೆ ಹೊರಡಿಸುವುದಿಲ್ಲ. ಬಾವಿಗೆ ಕೊಡ ಬಿಟ್ಟವರು ನೆನೆಸಿಕೊಳ್ಳಿ. ಕತ್ತಲಲ್ಲಿ ಕೊಡ ಕಾಣದಿದ್ದರೂ ಅದು ತುಂಬಿತೋ ಇಲ್ಲವೋ ಎಂಬುದನ್ನು ಹಗ್ಗ ಹಿಡಿದ ಕೈ ಹೇಳುತ್ತದೆ. ಪಟ್ಟಿಯ ಚಿಪ್ಪೂ ತಾನು ಎಳೆದುಕೊಳ್ಳುವ ಹೊರೆಯನ್ನು ಚಕಚಕನೆ ಏರಿಳಿಸುತ್ತದೆ. ಕೆಳಗಿನ ಸುರುಳಿಗೆ ಆ ವ್ಯತ್ಯಾಸ ತಾಗುತ್ತದೆ. ಅದನ್ನು ಸೊನ್ನೆ, ಒಂದು ಎಂದು ಓದಿಕೊಂಡರೆ ಮಗುವಿನ ಎದೆಬಡಿತ ಪರದೆಗೆ ಬಂತು. ಕರೆಂಟು ಬಂದ ದಾರಿಯಲ್ಲೇ ಸುದ್ದಿಯೂ ಹಿಂತಿರುಗುತ್ತದೆ.

ಬ್ಲೂಟೂತ್ ಸಾಕಲ್ಲವೇ ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸುದ್ದಿ ಕಳಿಸಲು ಸಾಕು, ಆದರೆ ಅದು ಕರೆಂಟು ಕೊಡುವುದಿಲ್ಲ. ಬ್ಯಾಟರಿ ಬೇಕೇ ಬೇಕು. ಇನ್ನು ಕಾಂತಕ್ಷೇತ್ರಕ್ಕೆ ಮೈಯ ನೀರಿನಂಶ ಅಷ್ಟಾಗಿ ಅಡ್ಡಬರುವುದಿಲ್ಲ, ನಿಜ. ಅದರ ಕೊರತೆ ದೂರದ್ದು: ಸುರುಳಿಯಿಂದ ಸರಿದಂತೆ ಕ್ಷೇತ್ರ ಬೇಗ ಕ್ಷೀಣಿಸುತ್ತದೆ. ಈ ಹಾಸಿಗೆಯಲ್ಲಿ ಅದರ ಹರವು ಸುಮಾರು ಒಂದು ಅಡಿ. ಮಗುವನ್ನು ಎತ್ತಿ ತಾಯಿಯ ಎದೆಗಿಟ್ಟರೆ, ಅಂದರೆ ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದರೋ ಆ ಗಳಿಗೆಯಲ್ಲೇ, ಪಟ್ಟಿ ಮೂಕವಾಗುತ್ತದೆ. ಅದಕ್ಕೇ ಅದೇ ತಂಡ 2020ರಲ್ಲಿ ತಂದ ಪಟ್ಟಿಯಲ್ಲಿ ಬ್ಲೂಟೂತ್ ಇತ್ತು, ಪುಟ್ಟದೊಂದು ಬ್ಯಾಟರಿಯೂ ಇತ್ತು.